ದ್ವೀಪಯಾತ್ರೆಗೆ ತಕ್ಕ ಕಾಲ

ಉಷ್ಣವಲಯದ ದ್ವೀಪಗಳಲ್ಲಿ ವರ್ಷವಿಡೀ ಸೆಕೆಯೇ ಆದುದರಿಂದ ಯಾವಾಗ ಹೋದರೂ ಒಂದೇ ಎಂಬ ಭಾವನೆ ಹಲವರಲ್ಲಿದೆ. ಆದರೆ ಅಲ್ಲಿ ಋತುವನ್ನು ನಿರ್ಣಯಿಸುವುದು ಸೆಕೆಯಲ್ಲ, ಗಾಳಿ. ನಮ್ಮ ಕಾಸರಗೋಡಿನ ಪಡುಗಡಲಿನಾಚೆಯ ಲಕ್ಷದ್ವೀಪವನ್ನೇ ನೋಡೋಣ. ಅದರ ಉತ್ತರಭಾಗದ ಅಮೀನ್‌ದಿವಿ ದ್ವೀಪಗಳು 1956ರವರೆಗೆ ನಮ್ಮಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಜನರು ತೆಂಗಿನ ನಾರಿನ ಹುರಿಯನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು; ಮಳೆಗಾಲಕ್ಕೆ ಮುನ್ನ ದೋಣಿಗಳನ್ನು ದಡಕ್ಕೇರಿಸಿಬಿಡುತ್ತಿದ್ದರು. ಕಡಲಿನ ಕಾಲವನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು?

ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಆಳ್ವಿಕೆ. ಹವಳದ ದಂಡೆಯೊಳಗಿನ ತಿಳಿನೀರಿನ ಹರಹು ಹೆಚ್ಚಿನ ದ್ವೀಪಗಳಲ್ಲಿ ಪಶ್ಚಿಮದ ಮಗ್ಗುಲಿಗಿರುವುದರಿಂದ ಗಾಳಿಯು ನೇರವಾಗಿ ಅದರ ಮೇಲೆಯೇ ಎರಗುತ್ತದೆ. ಕೊಚ್ಚಿಯಿಂದ ಹೋದ ಹಡಗು ಹಲವೆಡೆ ದೂರದಲ್ಲಿಯೇ ನಿಲ್ಲುತ್ತದೆ. ಯಾತ್ರಿಕರು ಸಣ್ಣ ದೋಣಿಗೆ ಇಳಿಯಬೇಕು. ತೆರೆಗಳು ಉಕ್ಕುವಾಗ ಈ ಇಳಿತವು ಅಪಾಯಕರ. ಓಣಂ ರಜೆಯ ವಿಚಾರವನ್ನು ಆದುದರಿಂದ ಬಿಡುವುದೇ ಸರಿ.

ಇನ್ನು ಏಪ್ರಿಲ್-ಮೇ ತಿಂಗಳ ದೊಡ್ಡ ರಜೆ. ಎಲ್ಲರೂ ಹೊರಡಲು ಹವಣಿಸುವುದು ಆಗಲೇ. ನನ್ನ ಮತದಲ್ಲಿ ಅದೂ ತಕ್ಕುದಲ್ಲ. ದ್ವೀಪಗಳು ಸುಮಾರು 8ರಿಂದ 12 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇರುವುದರಿಂದ ಏಪ್ರಿಲಿನಲ್ಲಿ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ಕಡಲ ನೀರು ಕಾಯುತ್ತದೆ. ಬಿಸಿ ಮಿತಿಮೀರಿದರೆ ಹವಳದ ಜೀವಿಗಳು ತಮಗೆ ಬಣ್ಣವನ್ನೂ ಆಹಾರವನ್ನೂ ಕೊಡುವ ಸೂಕ್ಷ್ಮ ಪಾಚಿಗಳನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಇಂತಹ ಸಮಯದಲ್ಲಿ ಯಾತ್ರಿಕನ ಕಾಲ್ತುಳಿತವೂ ಹವಳಕ್ಕೆ ಹೊರೆಯೇ. ನೀರಿನ ಮಾತು ಇನ್ನೂ ಗಂಭೀರವಾದುದು. ಮಳೆನೀರು ಮರಳಿನಲ್ಲಿ ಇಂಗಿ, ನೆಲದಡಿಯ ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ನಿಲ್ಲುತ್ತದೆ. ದ್ವೀಪದ ಬಾವಿಗಳ ಸಿಹಿನೀರೆಂದರೆ ಇದಿಷ್ಟೇ. ಬೇಸಗೆಯ ಕೊನೆಗೆ ಅದೂ ಕುಗ್ಗುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಕಡಲ ನೀರನ್ನು ಸಿಹಿಗೊಳಿಸುವ ಸ್ಥಾವರವು ಆರಂಭವಾಯಿತಾದರೂ, ಬಾವಿಯಿಂದ ಅತಿಥಿಗೆಂದು ಸೇದಿದ ಕೊಡವು ಮನೆಯವರ ಪಾಲಿನದೇ. ಮೇ ತಿಂಗಳಲ್ಲಿ ಚಂಡಮಾರುತದ ಭಯವೂ ಉಂಟು. 2021ರ ‘ತೌಕ್ತೆ’ ಬಂದುದು ಆಗಲೇ.

ಅಕ್ಟೋಬರ್, ನವೆಂಬರುಗಳಲ್ಲಿ ಈಶಾನ್ಯ ಮಾರುತದ ಮಳೆ. 2017ರ ‘ಓಖಿ’ಯು ಡಿಸೆಂಬರಿನ ಮೊದಲ ದಿನಗಳಲ್ಲಿ ದ್ವೀಪಗಳನ್ನು ಅಪ್ಪಳಿಸಿತು. ಡಿಸೆಂಬರ್ ಕೊನೆಯಿಂದ ಮಾರ್ಚಿನವರೆಗೆ ಕಡಲು ಸಾಮಾನ್ಯವಾಗಿ ಶಾಂತ, ಬಾವಿಗಳಲ್ಲಿ ನೀರೂ ಉಂಟು. ನಮ್ಮ ಶಾಲೆಗಳಿಗೆ ಒದಗುವುದು ಕ್ರಿಸ್ಮಸ್ಸಿನ ಹತ್ತು ದಿನಗಳ ರಜೆ, ಅದು ಸಾಕು. ಹೊರಗಿನವರಿಗೆ ಪ್ರವೇಶದ ಅಪ್ಪಣೆ ಬೇಕಾದುದರಿಂದ, ಓಣಂ ಕಳೆದೊಡನೆಯೇ ಅದಕ್ಕೂ ಹಡಗಿನ ಸ್ಥಳಕ್ಕೂ ಪ್ರಯತ್ನಿಸತಕ್ಕದ್ದು.