ಎಆರ್‌ಟಿ ಗುಳಿಗೆ ನುಂಗುವವರು ಕೆಮ್ಮಿಗೆ ಎರಡು ವಾರ ಕಾಯಬೇಡಿ

‘ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ’ ಎಂಬ ದವಾಖಾನೆ ಗೋಡೆಯ ಬರಹ ಎಲ್ಲರಿಗೂ ಬಾಯಿಪಾಠ. ಎಚ್‌ಐವಿ ಇರುವವರಿಗೆ ಈ ಲೆಕ್ಕ ಸಲ್ಲದು ಎಂಬುದು ಮಾತ್ರ ಹುಮನಾಬಾದ್, ಬಸವಕಲ್ಯಾಣದ ಕಡೆ ಓದಿದವರಿಗೂ ಗೊತ್ತಿರುವುದಿಲ್ಲ. ಜಗತ್ತಿನಾದ್ಯಂತ ಎಚ್‌ಐವಿ ಇರುವವರ ಸಾವಿಗೆ ದೊಡ್ಡ ಕಾರಣ ಇಂದಿಗೂ ಟಿ.ಬಿ. ಹಲವು ದೇಶಗಳಲ್ಲಿ ಇಂಥವರ ಶವಪರೀಕ್ಷೆಗಳನ್ನು ಒಟ್ಟುಹಾಕಿ ನೋಡಿದಾಗ, ಟಿ.ಬಿ. ಕಂಡವರಲ್ಲಿ ಸುಮಾರು ಅರ್ಧ ಜನಕ್ಕೆ ಬದುಕಿದ್ದಾಗ ಅದು ಪತ್ತೆಯೇ ಆಗಿರಲಿಲ್ಲ.

ಹಾಗಾಗಿ ಗಮನಿಸಬೇಕಾದ್ದರಲ್ಲಿ ಮೊದಲನೆಯದು ಲಕ್ಷಣಗಳು: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ನಾಲ್ಕರಲ್ಲಿ ಒಂದಿದ್ದರೂ, ಒಂದೇ ದಿನದ್ದಾದರೂ, ಎಆರ್‌ಟಿ (ಎಚ್‌ಐವಿ ಔಷಧಿ) ಕೇಂದ್ರದಲ್ಲಿ ಸಿಬ್ಬಂದಿ ಕೇಳುವ ಮುಂಚೆಯೇ ಹೇಳಿ. ಗುಳಿಗೆ ತರಲು ಮನೆಯವರನ್ನು ಕಳಿಸಿದರೆ ಈ ಪ್ರಶ್ನೆಗೆ ‘ಏನೂ ಇಲ್ಲ’ ಎಂಬ ಉತ್ತರವೇ ಹೋಗುತ್ತದೆ. ಹೈದರಾಬಾದ್, ಪುಣೆಗೆ ದುಡಿಯಲು ಹೋದವರ ಮನೆಗಳಲ್ಲಿ ಇದು ಮಾಮೂಲು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಲಿವೋಫ್ಲಾಕ್ಸಸಿನ್ ನುಂಗುವುದಂತೂ ಬೇಡವೇ ಬೇಡ. ಅದು ಟಿ.ಬಿ.ಯನ್ನು ಕೆಲಕಾಲ ಅಡಗಿಸುತ್ತದೆ, ವಾಸಿ ಮಾಡುವುದಿಲ್ಲ.

ಎರಡನೆಯದು ಕಫ. ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆಯಿರಿ. ಡಬ್ಬಿಯಲ್ಲಿ ಉಗುಳು ತುಂಬಿಕೊಟ್ಟರೆ ವರದಿ ‘ನೆಗೆಟಿವ್’ ಬಂದೀತು, ಅದನ್ನು ನಂಬಿ ಕೂರುವುದೇ ಅಪಾಯ. ಸೂಕ್ಷ್ಮದರ್ಶಕ ಸಾಲದು. ರೋಗನಿರೋಧಕ ಶಕ್ತಿ ಕುಗ್ಗಿದವರ ಕಫದಲ್ಲಿ ಕ್ರಿಮಿ ಕಡಿಮೆ ಇರುತ್ತವೆ, ಕಣ್ಣಿಗೆ ತಪ್ಪುತ್ತವೆ. ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಅದೂ ನೆಗೆಟಿವ್ ಬಂದು ಜ್ವರ ಬಿಡದಿದ್ದರೆ ಸುಮ್ಮನಾಗಬೇಡಿ. ಎದೆಯ ಎಕ್ಸ್‌ರೇ, ಕುತ್ತಿಗೆ ಗಡ್ಡೆಯ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಬಾಕಿ ಇವೆ. ಎಚ್‌ಐವಿ ಜೊತೆಗೆ ಟಿ.ಬಿ. ಶ್ವಾಸಕೋಶದ ಹೊರಗೂ ಕೂರುವುದು ಹೆಚ್ಚು. ತೀರಾ ಹಾಸಿಗೆ ಹಿಡಿದವರಿಗೆ, ಸಿಡಿ4 ಎಣಿಕೆ 200ಕ್ಕಿಂತ ಕಡಿಮೆ ಇರುವವರಿಗೆ ಮೂತ್ರದ ಎಲ್‌ಎಎಂ ಪರೀಕ್ಷೆಯಿದೆ. ತಾಲ್ಲೂಕಿನಲ್ಲಿ ಆಗದಿದ್ದರೆ ಬೀದರ್‌ನ ಎಆರ್‌ಟಿ ಕೇಂದ್ರದಲ್ಲಿ ವಿಚಾರಿಸಿ.

ಟಿ.ಬಿ. ಖಚಿತವಾದರೆ ಎಆರ್‌ಟಿ ನಿಲ್ಲಿಸಬೇಡಿ. ಎರಡೂ ಔಷಧಿ ಎಆರ್‌ಟಿ ಕೇಂದ್ರದಲ್ಲೇ ಸಿಗುತ್ತವೆ. ಟಿ.ಬಿ. ಔಷಧಿ ರಿಫಾಂಪಿಸಿನ್ ಇರುವಾಗ ಎಆರ್‌ಟಿಯ ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಗುಳಿಗೆಯೊಂದನ್ನು 12 ಗಂಟೆ ಬಿಟ್ಟು ಹೆಚ್ಚುವರಿಯಾಗಿ ಕೊಡುತ್ತಾರೆ. ಖಾಸಗಿ ದವಾಖಾನೆಯಲ್ಲಿ ಟಿ.ಬಿ. ಔಷಧಿ ಶುರುಮಾಡಿದವರಿಗೆ ಇದೇ ತಪ್ಪಿಹೋಗುತ್ತದೆ. ಎಆರ್‌ಟಿ ಪುಸ್ತಕ ತೋರಿಸಿ, ಮುಚ್ಚಿಡಬೇಡಿ. ಒಪ್ಪಿಗೆಯಿಲ್ಲದೆ ನಿಮ್ಮ ವಿಷಯ ಹೊರಗೆ ಬಿಡಬಾರದೆಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ.

ಟಿ.ಬಿ. ಇಲ್ಲವೆಂದು ಖಾತ್ರಿಯಾದರೆ ತಡೆಗಟ್ಟುವ ಔಷಧಿ ಕೇಳಿ ಪಡೆಯಿರಿ. ಟಿ.ಬಿ. ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 1,000 ರೂಪಾಯಿ, ಬ್ಯಾಂಕ್ ಖಾತೆ ವಿವರ ಕೊಡಿ. ಸಹಾಯವಾಣಿ: ಎಚ್‌ಐವಿಗೆ 1097, ಟಿ.ಬಿ.ಗೆ 1800-11-6666.