ಎಂಪ್ಯಾನಲ್ ಆಗಿದ್ದಾರೆ ಎಂದ ಮಾತ್ರಕ್ಕೆ

ಖರೀದಿ ಶಾಖೆಗೆ ಬಂದಿದ್ದೀಯೆಂದು ಕೇಳಿ ಸಂತೋಷವಾಯಿತಮ್ಮ. ಇನ್ನು ವಾರ ಕಳೆಯುವುದರೊಳಗೆ ಯಾರಾದರೂ ಬಂದು, “ಮೇಡಂ, ಟೆಂಡರ್ ರಗಳೆ ಯಾಕೆ? ನಾವು ಎಂಪ್ಯಾನಲ್ ಆಗಿದ್ದೇವೆ, ದರವೂ ಸರ್ಕಾರವೇ ಒಪ್ಪಿದ್ದು, ಕಾರ್ಯಾದೇಶ ಕೊಟ್ಟುಬಿಡಿ” ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಅದು ಪೂರ್ತಿ ಮಾತೂ ಅಲ್ಲ. ಉಳಿದರ್ಧವನ್ನು ನಾನು ಹೇಳುತ್ತೇನೆ, ಕೇಳು.

ನಮ್ಮ ರಾಜ್ಯದ ಸರ್ಕಾರಿ ಖರೀದಿಗೆಲ್ಲ ಬುಡ 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ. ಟೆಂಡರ್ ಕರೆಯಬೇಕೆಂಬುದೇ ಅದರ ನಿಯಮ. ನಾಲ್ಕನೇ ಕಲಮಿನಲ್ಲಿ ಕೆಲವು ವಿನಾಯಿತಿಗಳಿವೆ. ಅದರಲ್ಲಿ 4(ಜಿ) ಎಂಬುದು ಎಲ್ಲ ಕಚೇರಿಗಳಲ್ಲೂ ಬಾಯಿಪಾಠ. ಇಂಥ ಖರೀದಿಗೆ ಟೆಂಡರ್ ಬೇಡವೆಂದು ಸರ್ಕಾರ ಅಧಿಸೂಚನೆ ಹೊರಡಿಸಲು ಇರುವ ಅವಕಾಶ ಅದು. 1976ರಲ್ಲಿ ಹುಟ್ಟಿದ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಮೂಲಕ ಇಲಾಖೆಗಳು ಕಂಪ್ಯೂಟರ್, ಸಾಫ್ಟ್‌ವೇರ್ ಕೆಲಸ ಮಾಡಿಸಿಕೊಂಡಿರುವುದೂ ಈ ದಾರಿಯಲ್ಲೇ. ಕೇಂದ್ರದ ಕಡೆ ಐಟಿ ಖರೀದಿ ನೋಡುವ ಸಂಸ್ಥೆಯಾದ ಎನ್‌ಐಸಿಎಸ್‌ಐ ಏಜೆನ್ಸಿಗಳನ್ನು ಮೊದಲೇ ಆಯ್ದು ಪಟ್ಟಿ ಮಾಡಿಡುತ್ತದೆ; ಎಂಪ್ಯಾನಲ್ ಎಂದರೆ ಇದೇ. 2016ರಲ್ಲಿ ಸರ್ಕಾರಿ ಖರೀದಿಯ ಜಾಲತಾಣ ಜೆಮ್ ಬಂತು. ಮರುವರ್ಷದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 149ನೇ ನಿಯಮ ಕೇಂದ್ರ ಕಚೇರಿಗಳಿಗೆ ಅದನ್ನು ಕಡ್ಡಾಯ ಮಾಡಿತು. ಹೀಗೆ ಮೊದಲೇ ಪರಿಶೀಲಿಸಿ ಪಟ್ಟಿ ಮಾಡಿಡುವ ವ್ಯವಸ್ಥೆಯ ಮೇಲೆ ನನಗೆ ಗೌರವವಿದೆ. ಕಂಪನಿಯ ವಹಿವಾಟು, ಅನುಭವ, ಜಿಎಸ್‌ಟಿ ಎಲ್ಲವನ್ನೂ ಒಂದು ತಾಲ್ಲೂಕು ಕಚೇರಿ ತಾನೇ ಕೂತು ಜಾಲಾಡಲು ಆಗುತ್ತದೆಯೇ?

ಆದರೆ ಪಟ್ಟಿ ಹೇಳುವುದು ಯಾರಿಂದ ಕೊಳ್ಳಬಹುದು, ಹೆಚ್ಚೆಂದರೆ ಎಷ್ಟಕ್ಕೆ ಎಂಬುದನ್ನಷ್ಟೇ. ಏನು ಬೇಕು, ಕೊಂಡದ್ದು ಕೈಗೆ ಬಂತೇ ಎಂಬೆರಡು ಪ್ರಶ್ನೆಗೆ ಉತ್ತರ ಹೇಳಬೇಕಾದವಳು ನೀನು.

ಮೊದಲು ವಿನಾಯಿತಿ ಆದೇಶದ ಪ್ರತಿ ತರಿಸಿಕೊಂಡು ನೀನೇ ಓದು. ವಿನಾಯಿತಿ ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಮೊತ್ತಕ್ಕೆ, ಯಾವ ತಾರೀಖಿನವರೆಗೆ? ಕ್ಯಾಮೆರಾ ಖರೀದಿಗೆ ಸಿಕ್ಕ ಅನುಮತಿ ಆ್ಯಪ್ ಮಾಡಿಸಲು ನಡೆಯುವುದಿಲ್ಲ. ಮಿತಿ ಮೀರುತ್ತದೆಂದು ಒಂದೇ ಕೆಲಸವನ್ನು ಮೂರು ಇಂಡೆಂಟ್ ಮಾಡೋಣವೆಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡ. ಮಹಾಲೇಖಪಾಲರ ಕಚೇರಿಯವರು ಬಂದಾಗ ಮೊದಲು ಹಿಡಿಯುವುದೇ ಅದನ್ನು. ದರವೂ ಅಷ್ಟೆ, ಅದು ಗರಿಷ್ಠ ಮಿತಿ. ಪಟ್ಟಿಯಲ್ಲಿರುವ ಎಲ್ಲರಿಗೂ ನಿನ್ನ ಕೆಲಸದ ವಿವರ ಕಳಿಸಿ ದರ ಕೇಳು. ಆ ಮಿತಿಗಿಂತ ಕಡಿಮೆಗೆ ಮಾಡುವವರು ಸಿಗುತ್ತಾರೆ.

ಕೆಲಸದ ವಿವರವನ್ನು ಮಾತ್ರ ಏಜೆನ್ಸಿಯವರ ಕೈಯಲ್ಲಿ ಬರೆಸಬೇಡ. ಅವರು ಪೆನ್‌ಡ್ರೈವ್‌ನಲ್ಲಿ ಸಿದ್ಧ ಮಾಡಿಕೊಂಡೇ ಬಂದಿರುತ್ತಾರೆ, ಕೇಸ್ ವರ್ಕರ್‌ಗೂ ಅದು ಸಲೀಸು. ಆ ಕಡತದಲ್ಲಿ ಅವರ ಹತ್ತಿರ ಇರುವುದು ಇರುತ್ತದೆ, ನಿನಗೆ ಬೇಕಾದದ್ದು ಇರುವುದಿಲ್ಲ. ಕೌಂಟರಿನಲ್ಲಿ ಕೂರುವ ಎಫ್‌ಡಿಎ, ಎಸ್‌ಡಿಎ ಗುಮಾಸ್ತರನ್ನು ಕರೆದು ಅರ್ಧ ದಿನ ಕೂರಿಸಿಕೊಂಡು ಮಾತಾಡು. ಕನ್ನಡದ ವಿಷಯ ನೆನಪಿಡು: ಅರ್ಜಿ, ಹುಡುಕಾಟ, ಮುದ್ರಿತ ಪ್ರಮಾಣಪತ್ರ ಎಲ್ಲವೂ ಯೂನಿಕೋಡ್ ಕನ್ನಡದಲ್ಲಿ ಆಗಬೇಕೆಂದು ಬರೆ. ನುಡಿ ತಂತ್ರಾಂಶದ ಹಳೆ ಫಾಂಟ್‌ನಲ್ಲಿರುವ ದಾಖಲೆಗಳನ್ನು ಪರಿವರ್ತಿಸಿ ಕೊಡುವುದೂ ಅದರಲ್ಲೇ ಸೇರಿರಲಿ. ಬರೆಯದೆ ಬಿಟ್ಟರೆ ಅದಕ್ಕೆ ಆಮೇಲೆ ಬೇರೆ ಬಿಲ್ಲು ಬರುತ್ತದೆ. ಸಾರ್ವಜನಿಕರು ಬಳಸುವ ಜಾಲತಾಣವಾದರೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಪಟ್ಟಿಯ ಪರಿಶೋಧಕರಿಂದ ಸುರಕ್ಷತಾ ತಪಾಸಣೆ ಆಗಬೇಕು. ಅದರ ಖರ್ಚು ಯಾರದೆಂದು ಈಗಲೇ ತೀರ್ಮಾನಿಸಿಕೋ.

ಸಿಬ್ಬಂದಿಯ ತಿಂಗಳ ದರದ ಕೆಲಸವಾದರೆ ಇನ್ನೂ ಎಚ್ಚರ ಬೇಕು. ಎಂಟು ವರ್ಷ ಅನುಭವದ ಡೆವಲಪರ್ ಎಂದು ಬಿಲ್ಲಿನಲ್ಲಿರುತ್ತದೆ. ಬಂದು ಕೂರುವವನು ಹೋದ ವರ್ಷ ಇಂಜಿನಿಯರಿಂಗ್ ಮುಗಿಸಿದ ಹುಡುಗ. ಅವನದೇನೂ ತಪ್ಪಿಲ್ಲ, ಪಾಪ, ಕಲಿಯುತ್ತಿರುತ್ತಾನೆ. ಆದರೆ ಅವನು ಕಲಿಯುವ ಖರ್ಚನ್ನು ಹಿರಿಯನ ದರದಲ್ಲಿ ಇಲಾಖೆ ಯಾಕೆ ಕೊಡಬೇಕು? ಹೆಸರು, ಅನುಭವ ಪತ್ರ, ಹಾಜರಿ ಮೂರನ್ನೂ ಬಿಲ್ಲಿನ ಜೊತೆ ಕೇಳು. ಆಳನ್ನು ಬದಲಾಯಿಸಿದರೆ ನಿನ್ನ ಒಪ್ಪಿಗೆ ಇರಬೇಕು.

ನಾನು ಕಂಡ ಒಂದು ಕಚೇರಿಯಲ್ಲಿ ಬೆರಳ ಗುರುತಿನ ಹಾಜರಿ ಯಂತ್ರಗಳು ರೆಕಾರ್ಡ್ ರೂಮಿನಲ್ಲಿ ಸೀಲು ಒಡೆಯದ ಪೆಟ್ಟಿಗೆಯಲ್ಲೇ ಕೂತಿದ್ದವು. ಮಾರ್ಚ್ ಕೊನೆ ವಾರದಲ್ಲಿ ಅನುದಾನ ಲ್ಯಾಪ್ಸ್ ಆಗುತ್ತದೆಂದು ಬಿಲ್ಲು ಖಜಾನೆ-2 ತಂತ್ರಾಂಶಕ್ಕೆ ಹೋಗಿತ್ತು, ಹಣವೂ ಸಂದಾಯವಾಗಿತ್ತು. ಯಂತ್ರ ಗೋಡೆಗೆ ಏರುವ ಮೊದಲೇ ವಾರಂಟಿ ಮುಗಿಯಿತು. ಹಾಗಾಗಿ ವಾರಂಟಿ ಸರಬರಾಜಾದ ದಿನದಿಂದಲ್ಲ, ಅಳವಡಿಸಿ ಚಾಲೂ ಮಾಡಿದ ದಿನದಿಂದ ಎಂದು ಕಾರ್ಯಾದೇಶದಲ್ಲಿ ಬರೆ. ಜೆಮ್‌ನಲ್ಲಿ ಸಾಮಗ್ರಿ ಸ್ವೀಕರಿಸಿದ ಪ್ರಮಾಣಪತ್ರ ಕೊಟ್ಟ ಹತ್ತು ದಿನದಲ್ಲಿ ಹಣ ಕೊಡಬೇಕು. ಆ ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಸಾಮಗ್ರಿ ನಿನ್ನ ಕಣ್ಣೆದುರು ಕೆಲಸ ಮಾಡುತ್ತಿರಬೇಕು. ಸರಿಯಾಗಿ ಮಾಡಿಕೊಟ್ಟವರ ಬಿಲ್ಲನ್ನು ಮಾತ್ರ ಒಂದು ದಿನವೂ ಮೇಜಿನ ಮೇಲೆ ಇಟ್ಟುಕೊಳ್ಳಬೇಡ. ಸಣ್ಣ ಕಂಪನಿಗಳು ಸಂಬಳ ಕೊಡಲು ಸಾಲ ಮಾಡಿರುತ್ತವೆ.

ಡೇಟಾ ಮತ್ತು ಸೋರ್ಸ್ ಕೋಡ್ ಇಲಾಖೆಯದು, ಒಪ್ಪಂದ ಮುಗಿದಾಗ ಎಲ್ಲ ಪಾಸ್‌ವರ್ಡ್ ಸಮೇತ ಒಪ್ಪಿಸಬೇಕು ಎಂಬ ಷರತ್ತು ಇಲ್ಲದಿದ್ದರೆ ನಿನ್ನ ಜುಟ್ಟು ಅವರ ಕೈಯಲ್ಲಿ. ಆಮೇಲೆ ಅವರು ಹೇಳಿದ್ದೇ ದರ, ಬೇರೆ ಯಾರನ್ನು ಕರೆದರೂ ಮುಟ್ಟುವುದಿಲ್ಲ.

ಇವರನ್ನೇ ಏಕೆ ಆರಿಸಿದೆ, ಯಾರ ಯಾರ ದರ ನೋಡಿದೆ ಎಂಬುದನ್ನು ಟಿಪ್ಪಣಿ ಹಾಳೆಯಲ್ಲಿ ನಿನ್ನ ಮಾತಿನಲ್ಲೇ ಬರೆದಿಡು. ಆಡಿಟ್ ಬರುವ ಹೊತ್ತಿಗೆ ನಿನಗೆ ಬೇರೆ ಊರಿಗೆ ವರ್ಗವಾಗಿರುತ್ತದೆ, ನಿನ್ನ ಪರವಾಗಿ ಉತ್ತರ ಹೇಳುವುದು ಆ ಹಾಳೆಯೇ. ಯಾವುದಾದರೂ ಕಡತದಲ್ಲಿ ಸಂದೇಹ ಬಂದರೆ ಸಹಿ ಹಾಕುವ ಮೊದಲು ನನಗೊಂದು ಫೋನ್ ಮಾಡಮ್ಮ.