ನೀರು ತೆರೆಯುವ ಕಾಲುವೆಗಳು

2023ರ ಸೆಪ್ಟೆಂಬರ್ 25ರಂದು ದೆಹಲಿಯ ಕರ್ತವ್ಯ ಪಥದಲ್ಲಿ ಜಲಜನಕ ಇಂಧನಕೋಶದ ಬಸ್ಸಿಗೆ ಚಾಲನೆ ನೀಡಲಾಯಿತು. ಈ ಬಸ್ಸು ಹೊರಬಿಡುವುದು ನೀರನ್ನು ಮಾತ್ರ ಎಂಬುದನ್ನು ಹಲವರು ಬಲ್ಲರು. ಕೋಶದ ಒಳಗೂ ನೀರಿಲ್ಲದೆ ವಿದ್ಯುತ್ತು ದೊರೆಯದೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಇಂತಹ ಕೋಶದ ನಡುವೆ ಪಾಲಿಮರಿನ ತೆಳುಪೊರೆಯೊಂದಿರುತ್ತದೆ. ಜಲಜನಕದ ಪ್ರೋಟಾನುಗಳನ್ನಷ್ಟೇ ದಾಟಿಸಿ, ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕವೇ ಸುತ್ತಿ ಬರುವಂತೆ ಮಾಡುವುದು ಅದರ ಕೆಲಸ. ಇಂತಹ ಪೊರೆಗಳಲ್ಲಿ ಹೆಸರಾದ ನೇಫಿಯಾನ್ 1960ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯಲ್ಲಿ ರೂಪುಗೊಂಡಿತು. ಅಂಟದ ಬಾಣಲೆಗೆ ಲೇಪಿಸುವ ಟೆಫ್ಲಾನಿನಂತಹ ಅದರ ಬೆನ್ನೆಲುಬು ನೀರನ್ನು ದೂರವಿಡುತ್ತದೆ. ಪಕ್ಕದ ಕವಲುಗಳ ತುದಿಯಲ್ಲಿರುವ ಸಲ್ಫೋನಿಕ್ ಆಮ್ಲವಾದರೋ ನೀರನ್ನು ಬರಸೆಳೆಯುತ್ತದೆ. ಒಣಗಿದ ಪೊರೆಯಲ್ಲಿ ಈ ಆಮ್ಲದ ಗುಂಪುಗಳು ಬಿಡಿಬಿಡಿ ದ್ವೀಪಗಳಂತಿರುತ್ತವೆ. ನೀರು ಸೇರಿದಂತೆಲ್ಲ ಅವು ಉಬ್ಬಿ, ಕೆಲವೇ ನ್ಯಾನೋಮೀಟರ್ ಅಗಲದ ಕಾಲುವೆಗಳಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ಕಾಲುವೆಗಳ ನಿಜವಾದ ಆಕಾರದ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಪ್ರೋಟಾನುಗಳು ಇವುಗಳೊಳಗೆ ನೀರಿನ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತ ಸಾಗುತ್ತವೆ ಎಂಬುದರಲ್ಲಿ ಸಂದೇಹವಿಲ್ಲ.

ದೆಹಲಿಯ ಮೇ ತಿಂಗಳ ಒಣಗಾಳಿಯನ್ನು ಹಾಗೆಯೇ ಒಳಬಿಟ್ಟರೆ ಪೊರೆಯ ತೇವ ಆರಿ ಕಾಲುವೆಗಳು ಕಿರಿದಾಗುತ್ತವೆ, ವಿದ್ಯುತ್ತು ಕುಗ್ಗುತ್ತದೆ. ನೀರು ಹೆಚ್ಚಾದರೂ ತೊಂದರೆಯೇ: ವಿದ್ಯುದ್ವಾರದ ರಂಧ್ರಗಳು ತುಂಬಿಕೊಂಡು ಆಮ್ಲಜನಕಕ್ಕೆ ದಾರಿಯಿಲ್ಲದಂತಾಗುತ್ತದೆ. ಆದುದರಿಂದ ಹೊರಗಿನ ಗಾಳಿಯನ್ನು ಹದವಾಗಿ ತೇವಗೊಳಿಸಿ ಕೋಶಕ್ಕೆ ಕಳುಹಿಸುತ್ತಾರೆ. ಕೋಶದಲ್ಲಿಯೇ ಹುಟ್ಟುವ ನೀರೂ ಇದಕ್ಕೆ ಒದಗುತ್ತದೆ.